ಸೀಟಿ ಊದಿದ ಮೇಲೆ ಕ್ಯಾಮೆರಾ ಇಲ್ಲ

ಸೂರ್ಯ ಇನ್ನೂ ಪೂರ್ತಿ ಮೇಲೆದ್ದಿಲ್ಲ. ಇಪ್ಪತ್ತೆರಡು ಮಹಡಿಯ ಗಾಜಿನ ಕಟ್ಟಡದ ತಾರಸಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮಂಡಿಯೂರಿ ಕುಳಿತು, ಕಬ್ಬಿಣದ ಕೊಂಡಿಗೆ ಬಿಗಿದ ಹಗ್ಗದ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ಒಂದು ಗಂಟು ನೋಡಿಯಾದ ಮೇಲೆ ಪಕ್ಕದ್ದಕ್ಕೆ ಸರಿಯುತ್ತಾರೆ. ಕಿಟಕಿ ಗಾಜು ಒರೆಸಲು ಕೆಳಗಿಳಿಯುವ ಪ್ರತಿಯೊಬ್ಬನಿಗೂ ಎರಡೆರಡು ಹಗ್ಗ. ಒಂದು ಭಾರ ಹೊರುವುದಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಪ್ರಾಣ ಹಿಡಿಯುವುದಕ್ಕೆ. ಗಂಟುಗಳೆಲ್ಲ ಮುಗಿದ ಮೇಲೆ ಅವರು ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಕೆಂಪೇರುತ್ತಿರುವ ಪೂರ್ವಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ಈ ಊರಿಗೆ ಗುಡುಗು ಬರುವುದು ಹೆಚ್ಚಾಗಿ ಪಡುವಣದಿಂದ.

ಹೆಗಲಿನ ಚೀಲದಿಂದ ಕ್ಯಾಮೆರಾ ಹೊರಬರುತ್ತದೆ. ದಿನದ ಮೊದಲ ಚಿತ್ರ: ಒಂದು ಚೂರೂ ಮೋಡವಿಲ್ಲದ ಆಕಾಶ, ಎಡಮೂಲೆಯಲ್ಲಿ ಪಕ್ಕದ ಕಟ್ಟಡದ ಮೇಲಿನ ಕೆಂಪು ದೀಪದ ಕಂಬ. ಏನೂ ಇಲ್ಲದ್ದನ್ನು ಯಾಕೆ ತೆಗೆದಿರಿ ಎಂದರೆ, "ಏನೂ ಇರ್ಲಿಲ್ಲ ಅನ್ನೋದಕ್ಕೂ ಸಾಕ್ಷಿ ಬೇಕಲ್ಲ" ಎನ್ನುತ್ತಾರೆ.

ಕೆಲಸದವರು ಅವರನ್ನು ಕರೆಯುವುದು ಗುಡುಗಮ್ಮ ಎಂದು. ಸಿಟ್ಟಿಗೆ ಬಂದ ಹೆಸರಲ್ಲ, ಆಕಾಶ ನೋಡುವ ಚಟಕ್ಕೆ ಬಂದದ್ದು. ಗಾಜು ಒರೆಸುವ ತಂಡದಲ್ಲಿ ಅವರ ಕೆಲಸಕ್ಕೆ ಮೇಲಿನ ಕಾವಲು ಎಂದು ಹೆಸರು. ನಾಲ್ವರು ಹಲಗೆಯ ಮೇಲೆ ಕುಳಿತು ಗೋಡೆಗುಂಟ ಇಳಿಯುತ್ತಿರುವಷ್ಟು ಹೊತ್ತೂ ತಾರಸಿ ಬಿಟ್ಟು ಕದಲುವಂತಿಲ್ಲ. ಹಗ್ಗ ಅಂಚಿಗೆ ಉಜ್ಜದಂತೆ ನೋಡಬೇಕು, ಅಪರಿಚಿತರು ಕೊಂಡಿ ಮುಟ್ಟದಂತೆ ಕಾಯಬೇಕು, ಗಾಳಿ ಮಳೆಯ ಸೂಚನೆ ಸಿಕ್ಕರೆ ಸೀಟಿ ಊದಬೇಕು. ಸೀಟಿ ಕೇಳಿಸಿತೆಂದರೆ ಕೈಯಲ್ಲಿದ್ದ ಗಾಜು ಅರ್ಧಕ್ಕೇ ಬಿಟ್ಟು ಎಲ್ಲರೂ ಸೀದಾ ನೆಲಕ್ಕೆ. ಮತ್ತೆ ಮೇಲೆ ಬಂದು, ಹಗ್ಗ ಎಳೆದು, ಹೊಸದಾಗಿ ಬಿಗಿದು ಇಳಿಯುವಷ್ಟರಲ್ಲಿ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಆ ಅರ್ಧ ದಿನಗಳೇ ಈಗ ಜಗಳದ ಮೂಲ. ತಾರಸಿಯ ಬಾಗಿಲಿಗೆ ಹೊಸ ಮ್ಯಾನೇಜರ್ ಒಂದು ಸೂಚನೆ ಅಂಟಿಸಿದ್ದಾರೆ. ಫೋನಿಗೆ ಗುಡುಗಿನ ಎಚ್ಚರಿಕೆ ಬಂದರೆ ಮಾತ್ರ ಕೆಲಸ ನಿಲ್ಲಿಸತಕ್ಕದ್ದು. ಬಾಯಿಮಾತಿನಲ್ಲಿ ಅದಕ್ಕೊಂದು ಬಾಲವೂ ಇದೆ: ಇನ್ನೊಂದು ಸುಳ್ಳು ಸೀಟಿ ಊದಿದರೆ ಗುಡುಗಮ್ಮ ತಾರಸಿಯಿಂದ ಇಳಿದು, ಕೆಳಗೆ ಬಕೆಟ್ಟಿಗೆ ನೀರು ತುಂಬಿಸುವ ಕೆಲಸಕ್ಕೆ ಹೋಗಬೇಕು.

ಆ ಸೂಚನೆಯ ಪಕ್ಕದಲ್ಲೇ, ಕಣ್ಣಿನ ಎತ್ತರಕ್ಕೆ, ಗುಡುಗಮ್ಮ ತಾವು ತೆಗೆದ ಒಂದು ಮೋಡದ ಫೋಟೊ ಅಂಟಿಸಿಟ್ಟಿದ್ದಾರೆ. ನೋಡಿದವರು ನಿಂತುಬಿಡುವಂಥ ಚಿತ್ರ. ಬುಡದಲ್ಲಿ ಮಸಿಯ ಕಪ್ಪು, ನಡುವೆ ಹೂಕೋಸಿನ ಹಾಗೆ ಉಬ್ಬಿದ ಬಿಳುಪು, ತುದಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಂಡ ತಲೆ, ಒಡಲೊಳಗೆ ಸಣ್ಣಗೆ ಕವಲೊಡೆದ ಮಿಂಚು. ಇಷ್ಟು ಒಳ್ಳೆಯ ಚಿತ್ರ ಇವರ ಸಂಗ್ರಹದಲ್ಲಿ ಮತ್ತೊಂದಿಲ್ಲ. ಇಷ್ಟು ನಾಚಿಕೆ ತರುವಂಥದ್ದೂ ಮತ್ತೊಂದಿಲ್ಲ.

ಅದು ನಾಲ್ಕು ವರ್ಷದ ಹಿಂದಿನ ಕಥೆ. ಪಡುವಣದಲ್ಲಿ ಆ ಮೋಡ ದೂರದಲ್ಲಿತ್ತು, ಊರಿನಾಚೆಯೇ ಸಾಗುತ್ತಿತ್ತು. ಅಪಾಯವಿಲ್ಲ ಎಂಬ ಅವರ ಅಂದಾಜು ಆ ಮೋಡದ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ದೊಡ್ಡ ಗುಡುಗುಮೋಡ ಮಳೆಯ ಜೊತೆ ತಣ್ಣನೆಯ ಗಾಳಿಯನ್ನೂ ನೆಲಕ್ಕೆ ಸುರಿಯುತ್ತದೆ. ನೆಲಕ್ಕೆ ಬಡಿದ ಆ ಗಾಳಿ ಮೈಲುಗಟ್ಟಲೆ ಹರಡುತ್ತ ಹೋಗಿ, ಎದುರಿಗೆ ಸಿಕ್ಕ ಬಿಸಿಗಾಳಿಯನ್ನು ಮೇಲಕ್ಕೆತ್ತಿ, ಅಲ್ಲೊಂದು ಹೊಸ ಮೋಡವನ್ನು ಹುಟ್ಟಿಸಬಲ್ಲದು. ಅವತ್ತು ಅದು ಹುಟ್ಟಿದ್ದು ಅವರ ಬೆನ್ನ ಹಿಂದೆ. ಕಣ್ಣು ಕ್ಯಾಮೆರಾದ ಕಿಂಡಿಯಲ್ಲಿತ್ತು, ಆಕಾಶವೆಲ್ಲ ಆ ಚೌಕಟ್ಟಿನೊಳಗೇ ಇದೆ ಎಂದು ನಂಬಿಕೊಂಡಿತ್ತು. ಮೋಡವನ್ನು ಮೋಹಿಸಿದವರು ಮಾತ್ರ ಮಾಡಬಲ್ಲ ತಪ್ಪು ಇದು. ಏನೂ ಅರಿಯದವರಾಗಿದ್ದರೆ ತಲೆ ಎತ್ತಿ ಸುತ್ತ ನೋಡುತ್ತಿದ್ದರು. ಗಾಳಿ ಅಪ್ಪಳಿಸಿದಾಗ ಹನ್ನೊಂದನೇ ಮಹಡಿಯಲ್ಲಿ ತೂಗುತ್ತಿದ್ದವನು ಅವರ ಮೈದುನ. ಕಿಟಕಿಯ ಚೌಕಟ್ಟಿಗೆ ಬಡಿದು ಅವನ ಎಡಭುಜ ಮುರಿಯಿತು.

"ಅತ್ತಿಗೆ ತೆಗೆದ ಫೋಟೊ ಚೆನ್ನಾಗೇ ಬಂತು. ನನ್ನ ಭುಜ ಒಂದೇ ಚೆನ್ನಾಗಿ ಬರ್ಲಿಲ್ಲ" ಎನ್ನುತ್ತಾನೆ ಮೈದುನ, ಸೊಂಟಪಟ್ಟಿ ಬಿಗಿದುಕೊಳ್ಳುತ್ತ. ಎಂಟು ತಿಂಗಳ ನಂತರ ಅದೇ ಹಲಗೆಗೆ ವಾಪಸಾದವನು. ಗುಡುಗಮ್ಮ ಅವನತ್ತ ತಿರುಗಿಯೂ ನೋಡುವುದಿಲ್ಲ. "ಬಾಯಿ ಮುರಿದಿದ್ರೆ ಮನೆಮಂದಿಗೆ ನೆಮ್ಮದಿ ಆಗ್ತಿತ್ತು. ಮೊದ್ಲು ಆ ಬಕಲ್ ಸರಿ ಹಾಕ್ಕೋ."

ಅಂದಿನಿಂದ ಒಂದು ಕಟ್ಟಳೆಯನ್ನು ಅವರೇ ಹಾಕಿಕೊಂಡಿದ್ದಾರೆ. ಸೀಟಿ ಊದಿದ ಮೇಲೆ, ಕೊನೆಯವನ ಕಾಲು ನೆಲ ಮುಟ್ಟುವವರೆಗೆ, ಕ್ಯಾಮೆರಾ ಮುಟ್ಟುವುದಿಲ್ಲ. ಅಂದರೆ ಗುಡುಗು ಹತ್ತಿರವಾಗಿ, ಆಕಾಶ ತನ್ನ ಭಂಡಾರವನ್ನೆಲ್ಲ ತೆರೆದಿಡುವ ಹೊತ್ತಿಗೆ ಸರಿಯಾಗಿ ಇವರ ಕೈ ಖಾಲಿ. ಅವರು ಕಂಡ ಅತಿ ದೊಡ್ಡ ಬಿರುಗಾಳಿಯ ಒಂದು ಚಿತ್ರವೂ ಅವರಲ್ಲಿಲ್ಲ.

ಮನೆ ಒಂದು ಕೋಣೆ ಮತ್ತು ಅಡುಗೆಮನೆಯದು. ಕೋಣೆಗೆ ಅಡ್ಡಲಾಗಿ ಕಟ್ಟಿದ ತಂತಿಯಲ್ಲಿ ಬಟ್ಟೆಗಿಂತ ಮೋಡಗಳೇ ಹೆಚ್ಚು ತೂಗುತ್ತವೆ, ಬಟ್ಟೆಯ ಕ್ಲಿಪ್ಪಿನಲ್ಲೇ. ಗಂಡ ಬೇಕರಿಯಲ್ಲಿ ರಾತ್ರಿಯಿಡೀ ಒಲೆಯ ಮುಂದೆ ಕೆಲಸ ಮಾಡುವವರು. ಇವರು ಹೊರಡುವ ಹೊತ್ತಿಗೆ ಅವರು ಬಾಗಿಲು ತಟ್ಟುತ್ತಾರೆ. ದಂಪತಿ ದಿನವೂ ಮುಖ ನೋಡುವುದು ಹೊಸ್ತಿಲಿನಲ್ಲೇ. ಮದುವೆಯಾದ ಮೇಲೆ ತನ್ನ ಮುಖವನ್ನು ಇವಳು ಇಷ್ಟು ದಿಟ್ಟಿಸಿ ನೋಡಿದ್ದಿಲ್ಲ, ಮೋಡಕ್ಕಿರುವ ಭಾಗ್ಯ ತನಗಿಲ್ಲ ಎಂದು ಅವರು ದೂರುತ್ತಾರೆ. ಮೋಡ ಗೊರಕೆ ಹೊಡೆಯುವುದಿಲ್ಲ ಎಂಬುದು ಹೆಂಡತಿಯ ಉತ್ತರ.

ಕ್ಯಾಮೆರಾ ಕೊಟ್ಟವರು ಒಬ್ಬ ಹಿರಿಯರು; ಎಲ್ಲರೂ ಅವರನ್ನು ಸ್ಟುಡಿಯೋ ತಾತ ಎನ್ನುತ್ತಾರೆ. ಫೋಟೊ ತೆಗೆಸಿಕೊಳ್ಳಲು ಯಾರೂ ಬರದಾದ ಮೇಲೆ ಅವರ ಸ್ಟುಡಿಯೋದ ಕತ್ತಲೆ ಕೋಣೆ ಮೋಡ ನೋಡುವವರ ಅಡ್ಡೆಯಾಗಿದೆ. ತಿಂಗಳಿಗೊಮ್ಮೆ ಆರೇಳು ಮಂದಿ ಸೇರುತ್ತಾರೆ: ಕ್ರೇನ್ ಓಡಿಸುವವನೊಬ್ಬ, ನಿವೃತ್ತ ನರ್ಸ್ ಒಬ್ಬರು, ಹೀಗೆ. ಯಾರಿಗೂ ಇದು ಹೊಟ್ಟೆಪಾಡಲ್ಲ. ತಮ್ಮ ಚಿತ್ರಗಳನ್ನು ಸಮಯದ ಸಮೇತ ಹವಾಮಾನ ಕಚೇರಿಗೆ ಕಳಿಸುತ್ತಾರೆ. ಅಲ್ಲಿಂದ ಆಗೀಗ ಒಂದು ಧನ್ಯವಾದ ಬರುತ್ತದೆ. ತಾತ ಹಾಕಿಕೊಟ್ಟ ಪದ್ಧತಿ ಒಂದೇ: ಒಳಗೆ ಬಂದವರು ಮೊದಲು ತಮ್ಮ ಅಂದಾಜು ತಪ್ಪಿದ ಚಿತ್ರವನ್ನು ಮೇಜಿನ ಮೇಲಿಡಬೇಕು. ಚಂದದ್ದೆಲ್ಲ ಆಮೇಲೆ. ಚಿತ್ರದಲ್ಲಿ ಕಂಬವೋ ಗೋಪುರವೋ ಇರಲೇಬೇಕು ಎನ್ನುವವರೂ ಅವರೇ. ಮೋಡ ಹತ್ತು ನಿಮಿಷದಲ್ಲಿ ಎಷ್ಟು ಬೆಳೆಯಿತೆಂದು ಅಳೆಯಲು ಕದಲದ ವಸ್ತು ಬೇಕು. ಇಲ್ಲದಿದ್ದರೆ ಅದು ಕ್ಯಾಲೆಂಡರಿನ ಚಿತ್ರ.

ಇವತ್ತು ಮಧ್ಯಾಹ್ನದ ಹೊತ್ತಿಗೆ ಕೆಂಪು ದೀಪದ ಕಂಬದ ಹಿಂದೆ ಒಂದು ಮೋಡದ ಗಡ್ಡೆ ಏಳುತ್ತದೆ. ಅದರ ಅಂಚು ಕತ್ತರಿಸಿಟ್ಟಷ್ಟು ಖಚಿತ. ಒಳಗಿನ ಗಾಳಿ ಇನ್ನೂ ಮೇಲೇರುತ್ತಿದೆ ಎಂದರ್ಥ. ಗುಡುಗಮ್ಮ ಒಂದು ಚಿತ್ರ ತೆಗೆದು, ಸುತ್ತಲೂ ಒಮ್ಮೆ ತಿರುಗಿ ನೋಡುತ್ತಾರೆ. ಇನ್ನೊಂದು ಚಿತ್ರ, ಮತ್ತೊಂದು ಸುತ್ತು. ಕಂಬಕ್ಕಿಂತ ಗಿಡ್ಡ ಇದ್ದದ್ದು ಈಗ ಕಂಬದ ಎರಡರಷ್ಟಾಗಿದೆ. ಫೋನನ್ನೂ ತೆಗೆದು ರೇಡಾರ್ ಚಿತ್ರ ನೋಡುತ್ತಾರೆ. ಅದರ ಮೇಲೆ ಅವರಿಗೆ ಹಗೆಯಿಲ್ಲ. "ಅದು ಇಡೀ ಊರು ನೋಡುತ್ತೆ, ನಾನು ಈ ನಾಲ್ಕು ಜನ ನೋಡ್ತೀನಿ. ಅದರ ಕೆಲಸ ಅದಕ್ಕೆ, ನನ್ನ ಕೆಲಸ ನನಗೆ." ಎಚ್ಚರಿಕೆ ಬಂದಿಲ್ಲ. ಆದರೆ ಮೋಡದ ನೆತ್ತಿಯ ಖಚಿತ ಅಂಚು ಹಿಂಜಿದ ಹತ್ತಿಯಂತೆ ಎಳೆಯೆಳೆಯಾಗತೊಡಗಿದೆ. ಮೇಲೆ ಮಂಜುಗಡ್ಡೆಯ ಹರಳುಗಳಾಗುತ್ತಿವೆ; ಮಿಂಚು ಹೆಚ್ಚು ದೂರವಿಲ್ಲ. ಕೆಳಗೆ ನಾಲ್ವರೂ ಹದಿನೈದನೇ ಮಹಡಿಯ ಸುತ್ತಮುತ್ತ ಇದ್ದಾರೆ. ಅಲ್ಲಿಂದ ನೆಲಕ್ಕಿಳಿಯಲು ಸಮಯ ಬೇಕು, ಗಾಳಿ ಮಳೆಗಿಂತ ಮುಂಚೆ ಬರುತ್ತದೆ.

ಅವರು ಬಾಗಿಲಿನ ಸೂಚನೆಯತ್ತ ಒಮ್ಮೆ ನೋಡುತ್ತಾರೆ. ಕ್ಯಾಮೆರಾ ಚೀಲಕ್ಕೆ ಹೋಗುತ್ತದೆ, ಜಿಪ್ ಎಳೆದುಕೊಳ್ಳುತ್ತದೆ. ಸೀಟಿ ಉದ್ದಕ್ಕೆ, ಎರಡು ಸಲ ಕೂಗುತ್ತದೆ.

ನಾಲ್ವರೂ ಇಳಿಯುತ್ತಿರುವಾಗಲೇ ಮ್ಯಾನೇಜರ್ ಏದುಸಿರು ಬಿಡುತ್ತ ತಾರಸಿಗೆ ಬರುತ್ತಾರೆ. ಮೂವತ್ತು ದಾಟದ ಹುಡುಗ, ಮೇಲಿನವರಿಂದ ತಾನೂ ಬೈಸಿಕೊಳ್ಳುವವನು. ಫೋನು ಚಾಚಿ ತೋರಿಸುತ್ತಾರೆ: ಎಲ್ಲಿದೆ ಎಚ್ಚರಿಕೆ? ಗುಡುಗಮ್ಮ ತಾರಸಿಯಂಚಿನ ಗೋಡೆಯಾಚೆ ಇಳಿಯುತ್ತಿರುವವರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ದೂರದಲ್ಲಿ ಒಂದು ಗುಡುಗು, ಮೇಜು ಎಳೆದಂಥ ಸದ್ದು.

"ಗುಡುಗೋ ಮೋಡ ಮಳೆ ಸುರಿಸಲ್ಲ ಅಂತ ನಮ್ಮಜ್ಜಿಗೂ ಗೊತ್ತಿತ್ತಮ್ಮ" ಎನ್ನುತ್ತಾರೆ ಮ್ಯಾನೇಜರ್.

"ಮಳೆಗೆ ಯಾರು ಹೆದರ್ತಾರೆ ಸರ್? ನಾನು ಹೆದರಿದ್ದು ಗುಡುಗಿಗೇ. ಕೊಂಡಿ ಕಬ್ಬಿಣದ್ದು. ಸ್ವಲ್ಪ ಆಚೆ ನಿಂತ್ಕೊಳ್ಳಿ."

ಆಮೇಲೆ ನಡೆಯುವುದು ಗುಡುಗಮ್ಮನ ಪರವಾಗಿಲ್ಲ. ಮೋಡ ಬಡಗಣಕ್ಕೆ ವಾಲಿ, ಊರಿನ ಇನ್ನೊಂದು ತುದಿಗೆ ಹೋಗಿ ಸುರಿಯುತ್ತದೆ. ಈ ತಾರಸಿಗೆ ಒಂದು ಹನಿಯಿಲ್ಲ. ಚೀಲದ ಪಟ್ಟಿ ಅಲುಗಾಡುವಷ್ಟೂ ಗಾಳಿಯಿಲ್ಲ. ದೂರದ ಮಳೆಯ ಪರದೆಗೆ ಬಿಸಿಲು ಬಿದ್ದು ಅದು ಕರಗಿದ ತಾಮ್ರದಂತೆ ನಿಲ್ಲುತ್ತದೆ. ಹಾಗೆ ನಿಂತದ್ದು ಸ್ವಲ್ಪ ಹೊತ್ತು ಮಾತ್ರ. ಮ್ಯಾನೇಜರ್ ಕೂಡ ಬೈಯುವುದನ್ನು ಮರೆತು ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳುತ್ತಾರೆ. ಗುಡುಗಮ್ಮ ತೆಗೆಯುವುದಿಲ್ಲ. ಕೊನೆಯವನು ಇನ್ನೂ ಮೂರನೇ ಮಹಡಿಯಲ್ಲಿದ್ದಾನೆ. ಅವನ ಕಾಲು ನೆಲಕ್ಕೆ ತಾಗಿ ಅವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ತಾಮ್ರ ಬೂದಿಯಾಗಿರುತ್ತದೆ. ಆ ಬೂದಿಯನ್ನೇ, ಕಂಬ ಮೂಲೆಯಲ್ಲಿರುವಂತೆ, ತೆಗೆದುಕೊಳ್ಳುತ್ತಾರೆ. ತಪ್ಪಿದ ಅಂದಾಜಿನ ಸಾಲಿಗೆ ಇದು. ತಿಂಗಳ ಕೂಟದಲ್ಲಿ ಮೊದಲು ಮೇಜಿಗೆ ಬೀಳುವ ಚಿತ್ರ.

ತಪ್ಪುಗಳಲ್ಲಿ ಎರಡು ಜಾತಿ. ಬಾರದ್ದನ್ನು ಬರುತ್ತದೆ ಎನ್ನುವುದು ಒಂದು, ಬರುವುದನ್ನು ಬಾರದು ಎನ್ನುವುದು ಇನ್ನೊಂದು. ಒಂದನ್ನು ಕಡಿಮೆ ಮಾಡಹೊರಟರೆ ಇನ್ನೊಂದು ಹೆಚ್ಚುತ್ತದೆ. ಯಾವ ಉಪಕರಣಕ್ಕೂ ಇದರಿಂದ ಬಿಡುಗಡೆಯಿಲ್ಲ. ಯಾವ ತಪ್ಪನ್ನು ತಾಳಿಕೊಳ್ಳಬಹುದು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಇದನ್ನು ಗುಡುಗಮ್ಮ ಸುತ್ತಿಬಳಸದೆ ಹೇಳುತ್ತಾರೆ: "ಇವತ್ತು ನಾನು ತಪ್ಪು. ನಿಜ. ಒಪ್ಕೊಂಡೆ. ಆದ್ರೆ ಈ ತಪ್ಪಿಗೆ ನಾಲ್ಕು ಜನ ಕೆಳಗೆ ನಿಂತು ನನ್ನ ಬೈತಾ ಇದಾರೆ. ಆ ತಪ್ಪಿಗೆ ಬೈಯೋಕೆ ಯಾರು ಇರ್ತಿದ್ರು?"

ಮರುದಿನ ಬೆಳಿಗ್ಗೆ ತಾರಸಿಯಲ್ಲಿ ಮಂಡಿಯೂರಿ ಕುಳಿತವನು ಬೇರೊಬ್ಬ, ಗೋದಾಮಿನಿಂದ ಕರೆತಂದವನು. ಗುಡುಗಮ್ಮ ಕೆಳಗೆ ನಲ್ಲಿಯ ಬಳಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ನಿಂತಿದ್ದಾರೆ. ಹಗ್ಗಗಳು ಗೋಡೆಗುಂಟ ಇಳಿಬಿದ್ದಿವೆ, ಹಲಗೆಗಳು ಖಾಲಿ. ನಾಲ್ವರೂ ತಾರಸಿಗೆ ಹೋಗಿಲ್ಲ. ಬಕೆಟ್ಟುಗಳನ್ನು ಬೋರಲು ಹಾಕಿ ಸಾಲಾಗಿ ಕುಳಿತಿದ್ದಾರೆ. ಗುಡುಗಮ್ಮ ಹೋಗ್ರೋ ಎಂದು ಗದರುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮ್ಯಾನೇಜರ್ ಬಂದು ಕಾರಣ ಕೇಳಿದಾಗ ಮೈದುನ ಎದ್ದು ನಿಲ್ಲುತ್ತಾನೆ.

"ಸರ್, ನನ್ನ ಭುಜ ಮುರಿದದ್ದು ಇವ್ರ ಕಾವಲಲ್ಲೇ. ಅದನ್ನ ಅವ್ರು ಬಾಗಿಲಿಗೇ ಅಂಟಿಸ್ಕೊಂಡಿದಾರೆ, ದಿನಾ ನೋಡ್ಕೊಂಡೇ ತಾರಸಿಗೆ ಹೋಗ್ತಾರೆ. ತನ್ನ ತಪ್ಪು ಹಂಗೆ ಅಂಟಿಸ್ಕೊಂಡಿರೋ ಇನ್ನೊಬ್ರನ್ನ ತನ್ನಿ, ಇಳೀತೀವಿ. ಇಲ್ಲಾಂದ್ರೆ ಅತ್ತಿಗೆ ಮೇಲಿರ್ಬೇಕು."

ಮ್ಯಾನೇಜರ್ ಫೋನು ಹಿಡಿದು ಆ ಕಡೆ ಈ ಕಡೆ ನಡೆಯುತ್ತಾರೆ. ಮೇಲಿನವರ ಜೊತೆ ಮಾತು ಸಾಗುತ್ತದೆ. ಬಿಸಿಲು ಗಾಜಿಗೆ ಬಿದ್ದು, ಅರ್ಧ ಒರೆಸಿ ಬಿಟ್ಟ ಹದಿನೈದನೇ ಮಹಡಿ ದೂರದಿಂದಲೇ ಎದ್ದು ಕಾಣುತ್ತದೆ. ಕೊನೆಗೆ ಅವರು ಹೇಳುವುದು ಇಷ್ಟೇ: ಸೂಚನೆ ಬಾಗಿಲ ಮೇಲೆ ಇರುತ್ತದೆ, ತೆಗೆಯುವ ಅಧಿಕಾರ ತನಗಿಲ್ಲ. ಗುಡುಗಮ್ಮ ಬೇಕಾದರೆ ಮೇಲೆ ಹೋಗಲಿ. ಮುಂದಿನ ಸುಳ್ಳು ಸೀಟಿಗೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಗುಡುಗಮ್ಮ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಲಿಫ್ಟಿನತ್ತ ನಡೆಯುತ್ತಾರೆ. ಗೋದಾಮಿನವನು ಬಿಗಿದ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಅವು ಸರಿಯಾಗಿಯೇ ಇದ್ದವೆಂದು ಅವನಿಗೆ ಹೇಳಿಯೂ ಹೇಳುತ್ತಾರೆ. ತಾನು ಬಿಗಿಯದ ಗಂಟಿಗೆ ತಾನು ಕಾವಲಿರಲಾರೆ, ಅಷ್ಟೇ. ಆಮೇಲೆ ಪೂರ್ವಕ್ಕೆ ಬೆನ್ನು ಹಾಕಿ, ಕಂಬವನ್ನು ಎಡಮೂಲೆಗೆ ಹಿಡಿದು, ದಿನದ ಮೊದಲ ಚಿತ್ರ ತೆಗೆಯುತ್ತಾರೆ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ನಗುತ್ತಾರೆ. "ಒಂದಿದೆ. ಯಾರೂ ಹಗ್ಗದ ಮೇಲೆ ಇಲ್ಲದ ಒಂದು ರಜಾದಿನ ದೊಡ್ಡ ಗುಡುಗು ಬರ್ಬೇಕು. ಮೆಟ್ಟಿಲ ಕೋಣೆ ಕಿಟಕೀಲಿ ಕೂತ್ಕೊಂಡು, ಶುರುವಿಂದ ಕೊನೇವರೆಗೂ ತೆಗೀಬೇಕು."

ಅಲ್ಲಿಯವರೆಗೆ?

ಕೊರಳಿನ ದಾರಕ್ಕೆ ಕಟ್ಟಿದ ಸೀಟಿಯನ್ನು ಸೆರಗಿನ ತುದಿಯಿಂದ ಒರೆಸುತ್ತಾರೆ. ಕಣ್ಣು ಪಡುವಣದಲ್ಲೇ ಇದೆ, ಒಮ್ಮೆ ಬೆನ್ನ ಹಿಂದೆಯೂ ಹೊರಳಿ ಬರುತ್ತದೆ.

"ಅಲ್ಲೀವರೆಗೂ ತಪ್ಪಾದ್ರೂ ಊದ್ತೀನಿ."