ಮಾಡಿಸದ ತಪಾಸಣೆ

ಆ ವರ್ಷಗಳಲ್ಲಿ ನನಗೆ ಎದ್ದರೂ ದಣಿವು, ಕೂತರೂ ದಣಿವು. ನರಗುಂದದ ಪೇಟೆಯಲ್ಲಿ ನಮ್ಮದು ರೈತರ ಹತ್ತಿಯನ್ನು ದಲಾಲಿಗೆ ಮಾರಿಕೊಡುವ ಅಡತ ಅಂಗಡಿ. ಮೂವತ್ನಾಲ್ಕರ ಗಂಡಸು ಮಧ್ಯಾಹ್ನಕ್ಕೇ ಗಾದಿಗೆ ಒರಗಿ ಕಣ್ಣು ಮುಚ್ಚಿದರೆ, ನೋಡಿದವರು ಶ್ರೀಮಂತಿಕೆ ಎನ್ನುತ್ತಿದ್ದರು. ಉಳಿದದ್ದು ಹೆಂಡತಿಗೆ ಮಾತ್ರ ಗೊತ್ತಿತ್ತು; ಆಸೆಯೆಂಬುದೇ ನನ್ನನ್ನು ಬಿಟ್ಟು ಹೋಗಿತ್ತು. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ.

ರೋಣದ ದವಾಖಾನೆಯ ಡಾಕ್ಟರರು ನಾಡಿ ಹಿಡಿದು, ಎಷ್ಟು ದಿನಕ್ಕೊಮ್ಮೆ ಗಡ್ಡ ಮಾಡಿಸುತ್ತೀರೆಂದು ವಿಚಾರಿಸಿ, ಗಂಡಸಿನ ಮೈಯೊಳಗೆ ಊರಬೇಕಾದ ರಸವೊಂದು ನನ್ನಲ್ಲಿ ಕಡಿಮೆಯಿರಬಹುದು ಎಂದರು. ಅದನ್ನು ಅಳೆಯುವ ವ್ಯವಸ್ಥೆ ಇಲ್ಲೆಲ್ಲೂ ಇಲ್ಲ, ಮುಂಬಯಿಯಲ್ಲಿ ಒಂದು ದಿನದ ಮೂತ್ರ ಕೂಡಿಸಿ ಕೊಟ್ಟರೆ ನೋಡಿ ಹೇಳುತ್ತಾರೆ ಎಂದು ಚೀಟಿ ಬರೆದುಕೊಟ್ಟರು. ಹತ್ತಿಯ ವ್ಯವಹಾರಕ್ಕೆ ಮುಂಬಯಿಗೆ ಹೋಗಿಬರುವವನು ನಾನು, ನೆಪ ಹೇಳಲೂ ಜಾಗವಿರಲಿಲ್ಲ. ಆದರೂ ಎರಡು ಸಲ ಹೋಗಿ ಹಾಗೆಯೇ ಬಂದೆ. ಅಂಜಿದ್ದೆ, ಅಷ್ಟೇ. ಇವನು ಅರ್ಧ ಗಂಡಸು ಎಂದು ಕಾಗದದ ಮೇಲೆ ಬರೆದುಕೊಟ್ಟರೆ ಯಾವ ಮುಖ ಹೊತ್ತು ಊರಿಗೆ ಬರಲಿ?

ಮನೆಯಲ್ಲಿ ತಪಾಸಣೆ ನಡೆದೇ ಇತ್ತು, ಹೆಂಡತಿಯದು. ಅವ್ವ ಅವಳನ್ನು ಗಜೇಂದ್ರಗಡದ ಸೂಲಗಿತ್ತಿಗೆ ತೋರಿಸಿದಳು, ವೈದ್ಯರಿಗೆ ತೋರಿಸಿದಳು, ಸೋಮವಾರದ ಉಪವಾಸ ಹಿಡಿಸಿದಳು. ಬೆಳಿಗ್ಗೆ ಎದ್ದ ಕೂಡಲೇ ಕಹಿ ಕಷಾಯ. ಅಂಗಡಿಯಲ್ಲಿ ಹತ್ತಿ ತುಂಬಿದ ಪ್ರತಿ ಅಂಡಿಗೆ ಚೀಲಕ್ಕೂ ಕೈ ಹಾಕಿ ಎಳೆ ಜಗ್ಗಿ ನೋಡುವವರು ಮನೆಯಲ್ಲಿ ಒಂದನ್ನೇ ಎಷ್ಟು ಸಲ ಬಿಚ್ಚಿ ನೋಡುತ್ತೀರಿ ಎಂದು ಒಮ್ಮೆ ಅವಳು ನಗುತ್ತಲೇ ಕೇಳಿದಳು. ನಾನು ಆಕಳಿಸಿದೆ.

ಅದೇ ವರ್ಷ ತಮ್ಮನ ಹೆಂಡತಿ ಬಸುರಾದಳು. ಕುಬಸದ ದಿನ ಬೆಳವಣಕಿಯಿಂದ ಬೀಗರು ಬಂದಿದ್ದರು. ಬಸುರಿಗೆ ಹಸಿರು ಕುಬಸ ತೊಡಿಸಿ, ಮಕ್ಕಳಿದ್ದ ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುತ್ತಿದ್ದರು. ನನ್ನ ಹೆಂಡತಿಯೂ ಅಕ್ಕಿಯ ತಟ್ಟೆ ಹಿಡಿದು ಬಂದಳು. ಅವ್ವ ಮೆಲ್ಲಗೆ ತಟ್ಟೆ ಇಸಿದುಕೊಂಡು, ನೀನು ಒಳಗೆ ಹೋಳಿಗೆ ಕಡೆ ನೋಡು ಎಂದಳು. ಅವಳು ಅಡಿಗೆಮನೆಯತ್ತ ತಿರುಗಿದಳು.

ನನಗೆ ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಬಂದದ್ದು ಬೇಸರ, ಅದೂ ನನ್ನ ಮೇಲೆಯೇ. ಪಡಸಾಲೆಯಲ್ಲಿ ಕೂತಿದ್ದವನು ಎದ್ದು, ಎಲ್ಲರೂ ಕೇಳುವಂತೆ ಹೇಳಿದೆ.

"ಅವ್ವಾ, ಮುಂಬೈದಾಗ ತಪಾಸ ಮಾಡಿಸೇನಿ. ದೋಷ ನಂದ ಐತಿ, ಆಕೀದಲ್ಲ."

ಬೀಗರು ನೆಲ ನೋಡಿದರು. ಅವ್ವ ಹಿರಿಯ ಸೊಸೆಯನ್ನು ಕರೆದು ತಟ್ಟೆಯನ್ನು ಅವಳ ಕೈಗೆ ಮರಳಿ ಕೊಟ್ಟಳು. ಅವಳು ಉಡಿ ತುಂಬಿದಳು.

ಸಂಜೆ ಬೀಗರು ಹೊರಟ ಮೇಲೆ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹೋಗಿ ಹತ್ತಿರ ನಿಂತೆ. ಒಂದು ಒಳ್ಳೆಯ ಮಾತು ಆಡಿಯಾಳು ಎಂಬ ಆಸೆಯಿತ್ತು, ಮುಚ್ಚಿಡುವುದೇಕೆ. ನೀವು ತಪಾಸಣೆ ಮಾಡಿಸಿಲ್ಲ, ನನಗೆ ಗೊತ್ತು, ಡಾಕ್ಟರರ ಚೀಟಿ ಇನ್ನೂ ನಿಮ್ಮ ಕೋಟಿನ ಕಿಸೆಯಲ್ಲೇ ಇದೆ ಎಂದಳು. ಹೌದು, ಮಾಡಿಸಿಲ್ಲ ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಹಂಗಾರ ಈ ಸುಳ್ಳ ಹೇಳಾಕ ಎಂಟ ವರ್ಷ ಯಾಕ ಬೇಕಾತ್ರಿ?"