ದೊಡ್ಡಪ್ಪನ ಕಂಪ್ಯೂಟರ್ ಮಾತು ನಿಲ್ಲಿಸಿದ ವಾರ

ನನ್ನ ದೊಡ್ಡಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರು. ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಗ್ಲಾಕೋಮಾದಿಂದ ಎರಡು ಕಣ್ಣೂ ಹೋದವು. ಆಮೇಲೆ ಬಹಳ ದಿನ ಅವರು ಮಲ್ಲೇಶ್ವರದ ಮನೆಯ ಹಜಾರದಲ್ಲಿ, ಕುರ್ಚಿಯ ಕೈಗಳ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದರು. ಹೊತ್ತು ಹೋಗದೆ ಹಾಗೆ ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ದೊಡ್ಡಮ್ಮ ಒಂದು ದಿನ ಮೆಲ್ಲಗೆ ಹೇಳಿದರು, "ಸುಮ್ನೆ ಆಡಿಸ್ತಿಲ್ಲ ಕಣೇ. ಟೈಪ್ ಮಾಡ್ತಿದಾರೆ. ನಾವು ಮಾತಾಡೋದನ್ನೆಲ್ಲ ಟೈಪ್ ಮಾಡ್ತಾರೆ."

ಅದನ್ನು ಕೇಳಿದ ಮೇಲೆ ನನ್ನ ತಮ್ಮ ತನ್ನ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅವರ ಮನೆಯಲ್ಲಿ ಕೂರಿಸಿದ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಅದಕ್ಕೆ ಹಾಕಿದ. ಒಂದು ಕೀಲಿ ಒತ್ತಿದರೆ ಆ ಅಕ್ಷರ ಯಾವುದೆಂದು ಹೇಳುತ್ತಿತ್ತು, ಪುಟ ತೆರೆದರೆ ಪುಟವನ್ನೇ ಓದುತ್ತಿತ್ತು. ಕನ್ನಡವನ್ನೂ ಓದುತ್ತಿತ್ತು. ಏರಿಳಿತವಿಲ್ಲದ ಗಂಡು ದನಿ, ಒತ್ತಕ್ಷರ ಬಂದರೆ ಎಡವುತ್ತಿತ್ತು. ಮೂವತ್ತು ವರ್ಷ ಕೀಲಿ ಒತ್ತಿದ್ದ ದೊಡ್ಡಪ್ಪನಿಗೆ ಕೀಲಿಮಣೆ ನೋಡುವ ಅಗತ್ಯ ಮೊದಲೂ ಇರಲಿಲ್ಲ. ಕನ್ನಡದ ಹೊಸ ಕೀಲಿಗಳನ್ನು ಒಂದು ಬೇಸಿಗೆಯಲ್ಲಿ ಕಲಿತುಬಿಟ್ಟರು. ಬೆಳಿಗ್ಗೆ ಕಾಫಿ ಮುಗಿದ ಕೂಡಲೇ ಕಂಪ್ಯೂಟರ್ ಮುಂದೆ ಕೂತರೆ ಪತ್ರಿಕೆ ಪೂರ್ತಿ ಕೇಳಿಯೇ ಏಳುತ್ತಿದ್ದರು. ಓದುವ ವೇಗವನ್ನು ಅವರು ಎಷ್ಟು ಏರಿಸಿಟ್ಟಿದ್ದರೆಂದರೆ ನಮಗೆ ಅದು ಮಾತೆಂದೇ ಗೊತ್ತಾಗುತ್ತಿರಲಿಲ್ಲ. ದೊಡ್ಡಮ್ಮ ಆ ದನಿಯನ್ನು 'ನಿಮ್ಮ ಗುಮಾಸ್ತ' ಅನ್ನುತ್ತಿದ್ದರು. "ಗುಮಾಸ್ತ ಸ್ವಲ್ಪ ಬಾಯಿ ಮುಚ್ಲಿ, ತಟ್ಟೆ ಹಾಕಿದೀನಿ."

ಮಾನಿಟರ್ ಇದ್ದೂ ಇಲ್ಲದ ಹಾಗಿತ್ತು. ಹಳೆಯ ಕಾಲದ ದಪ್ಪ ಡಬ್ಬ. ಅದರ ಮೇಲೆ ದೊಡ್ಡಮ್ಮ ಕ್ರೋಶಾ ಹೆಣೆದ ಬಟ್ಟೆಯನ್ನು ಹೊದಿಸಿದ್ದರು. ಹಬ್ಬಕ್ಕೆ ಅಂತ ಬಟ್ಟೆಯನ್ನು ಒಗೆದಾಗ ಮಾತ್ರ ಅದರ ಮುಖ ಕಾಣುತ್ತಿತ್ತು. ಆದರೆ ದೊಡ್ಡಮ್ಮನ ಭಜನೆ ಗುಂಪಿನ ಹೆಂಗಸರು ಒಬ್ಬೊಬ್ಬರೇ ವೀಡಿಯೋ ನೋಡಿ ಹಾಡು ಕಲಿಯುವುದಕ್ಕೆ ಶುರು ಮಾಡಿದಾಗ ಅವರಿಗೂ ಆಸೆಯಾಯಿತು. ಡಬ್ಬದ ಬಟ್ಟೆ ತೆಗೆದು ನೋಡಿದರೆ ಅದು ಯಾವಾಗಲೋ ಕೆಟ್ಟು ಕೂತಿತ್ತು. ಕೆಟ್ಟಿದ್ದು ಮನೆಯಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಯುಗಾದಿ ಕಳೆದ ಮಾರನೆಯ ದಿನ ಅಂಗಡಿಯವನು ತೆಳ್ಳಗಿನ ಹೊಸ ಮಾನಿಟರ್ ತಂದು, ಹೊಸ ಕೇಬಲ್ಲು ಸಿಕ್ಕಿಸಿ, ಚಿತ್ರ ಬಂದಿದ್ದನ್ನು ದೊಡ್ಡಮ್ಮನಿಗೆ ತೋರಿಸಿ ಹೋದ.

ಆಮೇಲೆ ದೊಡ್ಡಪ್ಪ ಬಂದು ಕೂತರು. ಕೀಲಿ ಒತ್ತಿದರು. ಕಂಪ್ಯೂಟರ್ ಮಾತಾಡಲಿಲ್ಲ.

ನಾನು ಆಗ ಶೇಷಾದ್ರಿಪುರದಲ್ಲಿ ಕೆಲಸ ಮಾಡುತ್ತಿದ್ದೆ. ಸಂಜೆ ಕಚೇರಿ ಮುಗಿಸಿ ನಡೆದೇ ಅವರ ಮನೆಗೆ ಹೋದೆ. ದೊಡ್ಡಪ್ಪ ಕೀಲಿಮಣೆಯ ಮುಂದೆಯೇ ಕೂತಿದ್ದರು. ಬೆಳಗ್ಗಿನಿಂದ ಅಲ್ಲೇ ಇದ್ದಾರೆ, ಊಟಕ್ಕೆ ಮಾತ್ರ ಎದ್ದಿದ್ದರು ಅಂತ ದೊಡ್ಡಮ್ಮ ಬಾಗಿಲಲ್ಲೇ ಪಿಸುಗುಟ್ಟಿದರು.

"ಫ್ಯಾನ್ ತಿರುಗೋ ಸದ್ದು ಕೇಳಿಸ್ತಿದೆ. ಅಂದ್ರೆ ಕರೆಂಟ್ ಇದೆ, ಯಂತ್ರ ನಡೀತಿದೆ," ಅಂದರು ದೊಡ್ಡಪ್ಪ. "ನಾನು ಒತ್ತಿದ ಅಕ್ಷರ ಪರದೇಲಿ ಬೀಳ್ತಿದೆ ಅಂತಾಳೆ ನಿನ್ನ ದೊಡ್ಡಮ್ಮ. ಆದ್ರೆ ಮಾತಾಡ್ತಿಲ್ಲ."

ಮೇಜಿನ ಎರಡು ಕಡೆ ಇದ್ದ ಪುಟ್ಟ ಕಪ್ಪು ಸ್ಪೀಕರುಗಳಲ್ಲಿ ಒಂದರ ದೀಪ ಹತ್ತಿತ್ತು. ಅದರ ತಿರುಪನ್ನು ಪೂರ್ತಿ ತಿರುಗಿಸಿದೆ. ಮೇಜಿನ ಕೆಳಗೆ ತೂರಿ, ಸಿಪಿಯು ಹಿಂದಿನ ಹಸಿರು ತೂತಿನಿಂದ ಸ್ಪೀಕರ್ ಪಿನ್ನು ಕಿತ್ತು ಮತ್ತೆ ಚುಚ್ಚಿದೆ. ಅಲ್ಲಿ ಸೇರಿದ್ದ ದೂಳೆಲ್ಲ ನನ್ನ ಸೀರೆಗೆ ಹತ್ತಿತು, ಪ್ರಯೋಜನವಾಗಲಿಲ್ಲ. ಅದೇ ಪಿನ್ನನ್ನು ನನ್ನ ಮೊಬೈಲಿಗೆ ಚುಚ್ಚಿ ಒಂದು ಹಾಡು ಹಾಕಿದರೆ ಸ್ಪೀಕರುಗಳು ಹಜಾರ ತುಂಬುವಷ್ಟು ಜೋರಾಗಿ ಹಾಡಿದವು. ಅಂದರೆ ಸ್ಪೀಕರ್ ಸರಿ ಇದೆ. ಪರದೆಯಲ್ಲಿ ವಾಲ್ಯೂಮ್ ನೋಡಿದೆ, ಪೂರ್ತಿ ಇತ್ತು. ದೊಡ್ಡಪ್ಪ ಕೀಲಿ ಒತ್ತಿದಾಗೆಲ್ಲ ಅದರ ಪಕ್ಕದ ಹಸಿರು ಪಟ್ಟಿ ಎದ್ದೆದ್ದು ಕುಣಿಯುತ್ತಿತ್ತು. ಕಂಪ್ಯೂಟರ್ ಮಾತಾಡುತ್ತಲೇ ಇತ್ತು, ನಮಗೆ ಕೇಳಿಸುತ್ತಿರಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. "ಮಾನಿಟರ್‌ಗೂ ಸೌಂಡ್‌ಗೂ ಏನೂ ಸಂಬಂಧ ಇಲ್ಲ ಮೇಡಂ. ಆ ಮಾನಿಟರ್‌ನಲ್ಲಿ ಸ್ಪೀಕರೇ ಇಲ್ವಲ್ಲ," ಅಂದ. ಅಷ್ಟು ಖಚಿತವಾಗಿ ಹೇಳಿದ್ದರಿಂದ ನಾನು ಆ ಕಡೆ ಯೋಚನೆ ಮಾಡುವುದನ್ನೇ ಬಿಟ್ಟೆ. ಸೌಂಡ್ ಡ್ರೈವರ್ ಅನ್ನುವ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿದೆ, ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ. "ಭಾನುವಾರ ಬಂದು ನಿಧಾನವಾಗಿ ನೋಡ್ತೀನಿ ದೊಡ್ಡಪ್ಪ," ಅಂದೆ.

"ಭಾನುವಾರನಾ?" ಅಂದರು ಅವರು. "ಆಗಲಿ ಬಿಡು. ಆದ್ರೆ ಕರಪತ್ರ ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು," ಅಂದರು.

ಕರಪತ್ರವೆಂದರೆ ನಾನೂ ಬೆಳೆದ ಆ ಬೀದಿಯಲ್ಲಿ ರಾಮನವಮಿಯಿಂದ ಒಂಬತ್ತು ದಿನ ನಡೆಯುವ ರಾಮೋತ್ಸವದ ಕಾರ್ಯಕ್ರಮ ಪಟ್ಟಿ. ಯಾವ ಸಂಜೆ ಯಾರ ಗಾಯನ, ಯಾರ ಪಿಟೀಲು, ಯಾವತ್ತು ಹರಿಕಥೆ, ಇದೆಲ್ಲವನ್ನೂ ಟೈಪ್ ಮಾಡಿ ಕೊಡುವುದು ನಾನು ಸಣ್ಣವಳಿದ್ದಾಗಿನಿಂದ ದೊಡ್ಡಪ್ಪನ ಕೆಲಸ. ಕಣ್ಣು ಹೋದ ಮೇಲೆ ಬೇರೆಯವರಿಗೆ ಒಪ್ಪಿಸಿ ಅಂತ ಸಮಿತಿಯವರು ಹೇಳಿದ್ದರಂತೆ. ಕಂಪ್ಯೂಟರ್ ಬಂದ ವರ್ಷವೇ ಅವರು ಆ ಕೆಲಸವನ್ನು ವಾಪಸು ತೆಗೆದುಕೊಂಡಿದ್ದರು. ಅದನ್ನು ಈಗ ಇನ್ನೊಬ್ಬರ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ ಅನ್ನುವುದು ನನಗೂ ದೊಡ್ಡಮ್ಮನಿಗೂ ಗೊತ್ತಿತ್ತು.

"ನೀವು ಟೈಪ್ ಮಾಡಿ, ಪರದೇಲಿ ಬಿದ್ದಿದ್ದನ್ನ ನಾನು ಓದ್ತೀನಿ," ಅಂದರು ದೊಡ್ಡಮ್ಮ. "ಹೇಗೂ ಈಗ ಅಕ್ಷರ ಚೆನ್ನಾಗಿ ಕಾಣತ್ತೆ."

ಮರುದಿನ ಸಂಜೆ ಹೋದಾಗ ಇಬ್ಬರೂ ಒಂದೇ ಮೇಜಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಕೈ, ಇವರ ಕಣ್ಣು. ಜಗಳ ಆಗಲೇ ಶುರುವಾಗಿತ್ತು.

"ಅಲ್ಪವಿರಾಮ ಬಿತ್ತಾ?"

"ಏನೋ ಸಣ್ಣದು ಬಿದ್ದಿದೆ."

"ಸಣ್ಣದು ಅಂದ್ರೆ ಚುಕ್ಕೆನೋ ಅಲ್ಪವಿರಾಮಾನೋ?"

"ಬಾಲ ಇದೆ ರೀ."

"ಹಾಗನ್ನು. ಸ್ವಲ್ಪ ಬೇಗ ಬೇಗ ಓದೇ."

"ನಾನೇನು ನಿಮ್ಮ ಗುಮಾಸ್ತನಾ?"

ನಾನು ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬಂದು ದಿವಾನದ ಮೇಲೆ ಕೂತೆ. ದೊಡ್ಡಮ್ಮನ ಓದು ನಿಧಾನ. ಆದರೆ ಒಂದೊಂದು ಸಾಲು ಮುಗಿದಾಗಲೂ ಅವರು ಏನಾದರೂ ಹೇಳುತ್ತಿದ್ದರು. ಈ ಪಿಟೀಲಿನವರು ಹೋದ ವರ್ಷ ಬಹಳ ಚೆನ್ನಾಗಿ ನುಡಿಸಿದರು, ಆ ಹರಿಕಥೆಯವರಿಗೆ ಗಂಟಲು ಸರಿ ಇಲ್ಲವಂತೆ. ದೊಡ್ಡಪ್ಪ 'ಹೂಂ' ಅನ್ನುತ್ತ ಬೆರಳನ್ನು ಕೀಲಿಗಳ ಮೇಲೆ ಇಟ್ಟು ಕಾಯುತ್ತಿದ್ದರು. ಕೊನೆಯ ಸಾಲುಗಳು ಬಂದವು. ಪ್ರತಿದಿನ ಕಾರ್ಯಕ್ರಮದ ನಂತರ ಪಾನಕ, ಕೋಸಂಬರಿ, ನೀರುಮಜ್ಜಿಗೆ ವಿನಿಯೋಗ. ಅದರ ಕೆಳಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸದಸ್ಯರು. ಎಲ್ಲ ಗಂಡಸರೇ.

ದೊಡ್ಡಮ್ಮ ಓದುವುದನ್ನು ನಿಲ್ಲಿಸಿದರು.

"ಯಾರು ರೀ ವಿನಿಯೋಗ ಮಾಡೋರು?"

"ಸಮಿತಿ."

"ಹೋದ್ವರ್ಷ ನಿಮ್ಮ ಖಜಾಂಚಿ ಒಂದು ನಿಂಬೆಹಣ್ಣು ಹಿಂಡಿದ್ದನ್ನೂ ನಾನು ನೋಡ್ಲಿಲ್ಲ. ಬೇಳೆ ನೆನೆಹಾಕೋರು ಯಾರು, ಸೌತೆಕಾಯಿ ಹೆಚ್ಚೋರು ಯಾರು, ಬೆಲ್ಲ ಕುಟ್ಟೋರು ಯಾರು? ಅವ್ರ ಹೆಸರು ಇದರಲ್ಲಿ ಎಲ್ಲಿದೆ?"

ದೊಡ್ಡಪ್ಪ ಕೀಲಿಗಳ ಮೇಲಿಂದ ಬೆರಳು ತೆಗೆದರು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಇಷ್ಟು ವರ್ಷ ನಂಗೆ ಯಾರು ತೋರಿಸಿದ್ರು? ಅಚ್ಚಾದ ಮೇಲೆ ಮನೆಗೆ ಕಟ್ಟು ಬರ್ತಿತ್ತು. ಆಮೇಲೆ ಹೇಳಿ ಏನು ಪ್ರಯೋಜನ?"

ದೊಡ್ಡಮ್ಮ ಕೋಪದಿಂದ ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಮುಖ ಬಿಸಿಯಾಯಿತು. ಆ ಕರಪತ್ರವನ್ನು ಬಾಲ್ಯದಿಂದ ನೋಡುತ್ತ ಬಂದವಳು ನಾನು. ಮನೆಮನೆಗೆ ಹಂಚಿದವಳೂ ನಾನೇ. ನನ್ನ ಅಮ್ಮ ಆ ಒಂಬತ್ತು ದಿನವೂ ಮಧ್ಯಾಹ್ನವೆಲ್ಲ ತೆಂಗಿನಕಾಯಿ ತುರಿಯುತ್ತ ಕೂತಿರುತ್ತಿದ್ದಳು. ನನಗೂ ಅದು ಹೊಳೆದಿರಲಿಲ್ಲ.

"ಹೇಳು ಹಾಗಾದ್ರೆ," ಅಂದರು ದೊಡ್ಡಪ್ಪ, ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು. "ಒಂದೊಂದೇ ಹೆಸರು ಹೇಳು."

ದೊಡ್ಡಮ್ಮ ಹೇಳುತ್ತ ಹೋದರು. ಮೂಲೆಮನೆಯವರು, ಗಿರಣಿ ಪಕ್ಕದವರು, ಬಾಡಿಗೆಗೆ ಬಂದ ಹೊಸಬರು. ತೀರಿಹೋಗಿದ್ದ ನನ್ನ ಅಮ್ಮನ ಹೆಸರಿಗೆ ಬಂದಾಗ ನನ್ನ ಕಡೆ ತಿರುಗಿದರು. "ಇರೋರ ಹೆಸರು ಮಾತ್ರ ಹಾಕಿ ದೊಡ್ಡಮ್ಮ," ಅಂದೆ. ಅವರು ಕೇಳಲಿಲ್ಲ. "ಆ ತುರಿಮಣೆ ಇನ್ನೂ ಅವಳದೇ," ಅಂದರು. ದೊಡ್ಡಪ್ಪ ಟೈಪ್ ಮಾಡಿದರು. ತಮ್ಮ ಹೆಸರನ್ನು ಮಾತ್ರ ದೊಡ್ಡಮ್ಮ ಹೇಳಲೇ ಇಲ್ಲ. ಅವರು ಮುಗಿಯಿತು ಅಂದ ಮೇಲೂ ಕೀಲಿಗಳ ಸದ್ದು ಇನ್ನೊಂದು ಸಾಲಿನಷ್ಟು ನಡೆಯಿತು.

ಭಾನುವಾರ ತಿಂಡಿ ಮುಗಿಸಿಯೇ ಹೋದೆ. ಪಿನ್ನು, ವೈರು, ವಾಲ್ಯೂಮ್, ಎಲ್ಲ ಮತ್ತೊಮ್ಮೆ ಆಯಿತು. ದೊಡ್ಡಪ್ಪ ನನ್ನ ಹಿಂದೆ ನಿಂತು ಕೇಳುತ್ತಿದ್ದರು.

"ನೀನು ನೋಡ್ತಿದೀಯ ಅಷ್ಟೇ, ಓದ್ತಿಲ್ಲ," ಅಂದರು. "ಸೌಂಡ್ ಅಂತ ಇರೋ ಪುಟ ತೆಗಿ. ಅಲ್ಲಿ ಏನೇನು ಬರೆದಿದೆಯೋ ಒಂದಕ್ಷರ ಬಿಡದೆ ನಂಗೆ ಓದಿ ಹೇಳು."

ಓದಿದೆ. ವಾಲ್ಯೂಮ್, ನೂರು. ಅದರ ಮೇಲೆ ಸೌಂಡ್ ಎಲ್ಲಿಗೆ ಹೋಗಬೇಕು ಅನ್ನುವ ಸಾಲು. ಆ ಸಾಲಿನ ಮುಂದೆ ಯಾವುದೋ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಒಟ್ಟಿಗೆ ಇದ್ದವು. ನಾನು ಅದನ್ನು ಸೌಂಡ್ ಕಾರ್ಡಿನ ನಂಬರು ಅಂದುಕೊಂಡು ಮೊದಲ ದಿನವೇ ದಾಟಿಹೋಗಿದ್ದೆ. ಈಗ ಒಂದೊಂದೇ ಅಕ್ಷರ ಬಿಡಿಸಿ ಓದಿದೆ.

"ಅದು ಯಾವುದರ ಹೆಸರು?" ಅಂದರು ದೊಡ್ಡಪ್ಪ.

"ಗೊತ್ತಿಲ್ಲ."

ದೊಡ್ಡಮ್ಮ ಮೇಜು ಒರೆಸುತ್ತಿದ್ದವರು ಬಗ್ಗಿ ಮಾನಿಟರಿನ ಮೂಲೆ ನೋಡಿದರು. ಅಲ್ಲಿ ಕಂಪನಿಯವರ ಸಣ್ಣ ಚೀಟಿ ಅಂಟಿತ್ತು. "ಇಲ್ಲೂ ಅದೇ ಬರ್ದಿದೆ ಕಣೇ. ಇನ್ನೊಂದ್ಸಲ ಓದು." ಓದಿದೆ. ಅವರು ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದರು. ಎರಡೂ ಒಂದೇ.

ಆಗ ತಿಳಿಯಿತು. ಹಳೆಯ ಕೇಬಲ್ಲು ಚಿತ್ರವನ್ನು ಮಾತ್ರ ಒಯ್ಯುತ್ತಿತ್ತು. ಹೊಸ ಕೇಬಲ್ಲಿನಲ್ಲಿ ಚಿತ್ರದ ಜೊತೆ ಸೌಂಡ್ ಕೂಡ ಹೋಗುತ್ತದೆ. ಹೊಸ ಮಾನಿಟರ್ ಬಂದ ಕೂಡಲೇ ಕಂಪ್ಯೂಟರ್ ತನ್ನ ಮಾತನ್ನೆಲ್ಲ ಅದಕ್ಕೇ ಕಳಿಸತೊಡಗಿತ್ತು. ಆ ಮಾನಿಟರಿಗೋ ಸ್ಪೀಕರೇ ಇಲ್ಲ. ನಾನು ಆ ಸಾಲಿನ ಪಕ್ಕದ ಬಾಣವನ್ನು ಒತ್ತಿದಾಗ ಕೆಳಗೆ ಇನ್ನೊಂದು ಹೆಸರು ಇಳಿಯಿತು, ಸ್ಪೀಕರ್ಸ್ ಅಂತ. ಅದನ್ನು ಒತ್ತಿದೆ.

ಸ್ಪೀಕರ್ ತಿರುಪು ಪೂರ್ತಿ ತಿರುಗಿಸಿದ್ದನ್ನು ನಾವು ಮರೆತಿದ್ದೆವು. ದನಿ ಹಜಾರವನ್ನೇ ನಡುಗಿಸಿತು. ದೊಡ್ಡಮ್ಮ ಒರೆಸುವ ಬಟ್ಟೆ ಕೈಬಿಟ್ಟರು. ದೊಡ್ಡಪ್ಪ ನಗುತ್ತ ಕೈ ಚಾಚಿ ತಿರುಪನ್ನು ಹುಡುಕಿ ಕಡಿಮೆ ಮಾಡಿದರು. ನಾನು ಮಾನಿಟರಿನ ಹೆಸರನ್ನು ಆ ಪಟ್ಟಿಯಲ್ಲೇ ನಿಷ್ಕ್ರಿಯ ಮಾಡಿದೆ, ಮತ್ತೆ ಅತ್ತ ಹೋಗದಿರಲಿ ಅಂತ.

ಅವರು ಪತ್ರಿಕೆ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆದಿದ್ದು ಕರಪತ್ರ. ವೇಗವನ್ನು ನಮಗೂ ತಿಳಿಯುವಷ್ಟು ಇಳಿಸಿ ಓದಿಸಿದರು. ಗಾಯನ, ಪಿಟೀಲು, ಹರಿಕಥೆ, ವಿನಿಯೋಗ. ಆಮೇಲೆ 'ಪಾನಕ ಕೋಸಂಬರಿ ಸಿದ್ಧಪಡಿಸುವವರು' ಎಂದು ಹೇಳಿ ದನಿ ಹೆಸರುಗಳನ್ನು ಓದುತ್ತ ಹೋಯಿತು. ಒತ್ತಕ್ಷರವಿದ್ದ ಹೆಸರೆಲ್ಲ ಸೊಟ್ಟಗಾಯಿತು. ಅಮ್ಮನ ಹೆಸರು ಮಾತ್ರ ಹೇಗೋ ಸರಿಯಾಗಿ ಬಂತು. ಕೊನೆಯದು ದೊಡ್ಡಮ್ಮನ ಹೆಸರು. ಅದನ್ನು ಎರಡು ತುಂಡು ಮಾಡಿ ಹೇಳಿತು.

"ನಂದು ಯಾಕೆ ಹಾಕಿದ್ರಿ? ನಾನು ಹೇಳಿರ್ಲಿಲ್ಲ," ಅಂದರು ದೊಡ್ಡಮ್ಮ.

"ನೀನು ಹೇಳ್ದೆ ಇದ್ರೆ ನಂಗೆ ಗೊತ್ತಿಲ್ವಾ?"

"ಸರಿಯಾಗಿ ಟೈಪ್ ಮಾಡಿದೀರಾ? ಅದು ಏನೇನೋ ಹೇಳ್ತು."

"ನೀನೇ ನೋಡು," ಅಂದರು ಅವರು. ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಪರದೆಗೆ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ತಪ್ಪಿರಲಿಲ್ಲ.

ಸೋಮವಾರ ನಾನೇ ಪೆನ್‌ಡ್ರೈವ್ ತೆಗೆದುಕೊಂಡು ಬಳೇಪೇಟೆಯ ಪ್ರೆಸ್ಸಿಗೆ ಹೋದೆ. ಕೈಗಾಡಿಗಳ ನಡುವೆ ಸ್ಕೂಟರ್ ನುಗ್ಗಿಸಲಾಗದೆ ಅದನ್ನು ಮೂಲೆಯಲ್ಲಿ ಬಿಟ್ಟು ನಡೆದೆ. ಸಾಲುಗಳು ಹೆಚ್ಚಾಗಿದ್ದರಿಂದ ಅಕ್ಷರ ಸಣ್ಣದು ಮಾಡಬೇಕಾಗುತ್ತದೆ, ಹೆಸರು ಕಡಿಮೆ ಮಾಡಬಹುದಾ ಅಂತ ಪ್ರೆಸ್ಸಿನವರು ಕೇಳಿದರು. ಅಕ್ಷರವನ್ನೇ ಸಣ್ಣದು ಮಾಡಿ ಅಂದೆ.

ರಾಮನವಮಿಯ ಸಂಜೆ ಚಪ್ಪರದಲ್ಲಿ ಸಮಿತಿಯ ಅಧ್ಯಕ್ಷರು ದೊಡ್ಡಪ್ಪನ ಪಕ್ಕ ಕೂತು ಕರಪತ್ರ ಮಡಚುತ್ತ ಬಿಚ್ಚುತ್ತ ಇದ್ದರು. "ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತು. ಹೆಸರು ಅಂತ ಹಾಕಿದ್ರೆ ಬಿಟ್ಟುಹೋದವ್ರು ಬೇಜಾರು ಮಾಡ್ಕೋತಾರೆ ನೋಡಿ."

"ಯಾರಾದ್ರೂ ಬಿಟ್ಟುಹೋಗಿದ್ರೆ ಹೇಳಿ, ನಾಳೆನೇ ಸೇರಿಸಿ ಇನ್ನೊಂದು ಕಟ್ಟು ಅಚ್ಚು ಹಾಕ್ಸೋಣ," ಅಂದರು ದೊಡ್ಡಪ್ಪ. ಅಧ್ಯಕ್ಷರು ಹೆಸರುಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಕರಪತ್ರ ಮಡಚಿ ಜೇಬಿಗೆ ಹಾಕಿಕೊಂಡರು.

ಪಾನಕದ ಹಂಡೆಯ ಹತ್ತಿರ ನಾನು ಲೋಟ ತುಂಬಿಸುತ್ತಿದ್ದೆ. ಮೂಲೆಮನೆಯ ಅಜ್ಜಿ ಸೊಂಟದಲ್ಲಿ ಕರಪತ್ರ ಸಿಕ್ಕಿಸಿಕೊಂಡು ಬಂದರು. ಬೇಳೆ ತೊಳೆದು ಸೋಸುವ, ಪಾನಕ ಹಂಚುವ ಕೆಲಸ ಅವರದು, ನನಗೆ ನೆನಪಿರುವಷ್ಟು ವರ್ಷದಿಂದ. "ಅಕ್ಷರ ಬಹಳ ಸಣ್ಣದು ಕಣಮ್ಮ, ನನ್ನ ಕಣ್ಣಿಗೆ ಹತ್ತೋದಿಲ್ಲ. ನಂದೂ ಇದೆ ಅಂತಾರೆ ಎಲ್ರೂ. ಇದೆಯಾ?" ಅಂತ ಕೇಳಿದರು. ನನ್ನ ಕೈ ಬೆಲ್ಲದ ನೀರಿನಿಂದ ಅಂಟಾಗಿತ್ತು. ಕಾಗದ ಮುಟ್ಟುವ ಹಾಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡಪ್ಪ ಅದನ್ನು ಕೇಳಿಸಿಕೊಂಡು ಈ ಕಡೆ ತಿರುಗಿದರು.

"ಇದೆ ಕಣ್ರೀ," ಅಂದರು. "ಮೊದಲನೇ ಸಾಲಲ್ಲೇ ಇದೀರಿ." ಅಜ್ಜಿಯ ಪೂರ್ತಿ ಹೆಸರನ್ನು, ಅವರ ತಂದೆಯ ಊರಿನ ಸಮೇತ, ಬಿಡಿಸಿ ಹೇಳಿದರು. ಅಜ್ಜಿ ಕಾಗದವನ್ನು ಮಡಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈಯಿಂದ ಸೌಟು ತೆಗೆದುಕೊಂಡರು. "ಬಿಡಮ್ಮ, ನೀನು ಹೋಗಿ ಪಿಟೀಲು ಕೇಳು. ಇದು ನನ್ನ ಕೆಲಸ," ಅಂದರು.

ದೊಡ್ಡಪ್ಪ ಈಗಿಲ್ಲ. ರಾಮೋತ್ಸವದ ಕಾರ್ಯಕ್ರಮ ಈಗ ಮೊಬೈಲಿಗೇ ಬರುತ್ತದೆ, ಬಣ್ಣಬಣ್ಣದ ಚಿತ್ರವಾಗಿ. ಯಾರು ಮಾಡುತ್ತಾರೋ ನನಗೆ ಗೊತ್ತಿಲ್ಲ. ಬಂದ ಕೂಡಲೇ ಎರಡು ಬೆರಳಲ್ಲಿ ಹಿಗ್ಗಿಸಿ ಪಾನಕ ಕೋಸಂಬರಿ ಮಾಡುವವರ ಸಾಲುಗಳಿಗೆ ಹೋಗುತ್ತೇನೆ. ಹೊಸ ಹೆಸರುಗಳು ಬಹಳ ಸೇರಿವೆ. ಗಂಡಸರದೂ ಎರಡು ಇವೆ.