ಹನಿ ಹೆಪ್ಪುಗಟ್ಟುವವರೆಗೆ ಎಣಿಸುವಾಕೆ

ಟಕ್. ಸ್ವಲ್ಪ ತಡೆದು ಮತ್ತೆ ಟಕ್. ನಾಲ್ಕೂವರೆ, ಇನ್ನೂ ಕತ್ತಲೆ. ಸಿಗಡಿ ಹೊಂಡಗಳಿಗೆ ಗಾಳಿಯೂಡಿಸುವ ಚಕ್ರದ ಮುರಿದ ರೆಕ್ಕೆ ಸುತ್ತಿಗೊಮ್ಮೆ ಪ್ಲಾಸ್ಟಿಕ್ ತೆಪ್ಪಕ್ಕೆ ಬಡಿಯುತ್ತಿದೆ. ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಆ ಸದ್ದೇ ಕಸಿವಿಸಿ. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಹೆಂಗಸಿಗೆ ಅದೇ ಗಡಿಯಾರ.

ಇಲ್ಲಿ ಎಲ್ಲರಿಗೂ ಅವರು ಸೊಳ್ಳೆಯಕ್ಕ. ಹನ್ನೊಂದು ವರ್ಷದಿಂದ ಸಿಗಡಿಯ ರಕ್ತ ತೆಗೆಯುವುದೇ ಅವರ ಕೆಲಸ. ನಾಲ್ಕು ಹೊಂಡ, ಹೊಂಡಕ್ಕೆ ಐದು ಸಿಗಡಿ, ದಿನಕ್ಕೆ ಇಪ್ಪತ್ತು ಚುಚ್ಚು. ನೀರಿನಂತೆ ತಿಳಿಯಾದ ಹನಿಯನ್ನು ಗಾಜಿನ ಮೇಲಿಟ್ಟು ಓರೆ ಮಾಡುತ್ತಾರೆ. ಅದು ಜಾರದೆ ನಿಲ್ಲುವವರೆಗೆ ಚಕ್ರದ ಸದ್ದು ಎಣಿಸುತ್ತಾರೆ. ಮೂವತ್ತರೊಳಗೆ ಹೆಪ್ಪುಗಟ್ಟಿದರೆ ಕ್ಷೇಮ.

"ಸೋಂಕು ಹೊಕ್ಕರೆ ರಕ್ತ ಗಟ್ಟಿಯಾಗೋದೇ ಮರೆತುಬಿಡುತ್ತೆ ಮೇಡಂ. ಗಟ್ಟಿ ಮಾಡೋ ಸರಕೆಲ್ಲ ರೋಗಾಣು ಜೊತೆ ಗುದ್ದಾಡೋದ್ರಲ್ಲೇ ಮುಗಿದಿರುತ್ತೆ. ಸಣ್ಣ ಗೀರಾದ್ರೂ ಸೋರ್ತಾನೇ ಇರುತ್ತೆ. ಮೇಲೆ ನೋಡಿದ್ರೆ ಚೆನ್ನಾಗೇ ತಿಂತಿರುತ್ತೆ, ಕಳ್ಳ ಜೀವ!"

ಬೆಳಗ್ಗೆ ಆರು ಗಂಟೆಗೆ ನಾಲ್ಕನೇ ಹೊಂಡದ ತೂಬು ತೆರೆದರೆ ಅದರ ನೀರು ಉಳಿದ ಮೂರಕ್ಕೂ ಹರಿಯುತ್ತದೆ. ಅದಕ್ಕೆ ಮೊದಲು ಇವರು "ಹ್ಞೂಂ" ಅನ್ನಬೇಕು. ಮೂರು ವರ್ಷದ ಹಿಂದೆ ಇವರು ಜ್ವರದಿಂದ ಮಲಗಿದ್ದ ದಿನ ಯಾರೂ ಎಣಿಸಲಿಲ್ಲ. ವಾರದೊಳಗೆ ಎರಡು ಹೊಂಡದ ಸಿಗಡಿಯೆಲ್ಲ ಸತ್ತು ತೇಲಿದವು. "ಆ ನಾತ ಇನ್ನೂ ಮೂಗಲ್ಲಿದೆ."

ಇವತ್ತು ಮೊದಲ ಮೂರು ಹೊಂಡಗಳ ಹನಿ ಇಪ್ಪತ್ತಕ್ಕೇ ನಿಲ್ಲುತ್ತದೆ. "ನಿಮ್ಮ ಕಾಲ್ಗುಣ ಚೆನ್ನಾಗಿದೆ. ಇಷ್ಟು ಬೇಗ ಯಾವತ್ತೂ ನಿಂತಿಲ್ಲ!" ನಾಲ್ಕನೆಯದು ಇಪ್ಪತ್ತೊಂಬತ್ತು. "ಮೂವತ್ತರೊಳಗೇ ಇದೆ ಬಿಡಿ" ಎಂದು ಮಂಡಿ ಒರೆಸಿಕೊಂಡು ಏಳುತ್ತಾರೆ.

ನನಗೆ ಸುಮ್ಮನೆ ಕೂರಲು ಬಾರದು. ಅಷ್ಟೂ ಹೊತ್ತು ಕೈಗಡಿಯಾರವನ್ನೇ ನೋಡುತ್ತಿದ್ದೇನೆ. "ಮೊದಲಿನವಕ್ಕೆ ಅರ್ಧ ನಿಮಿಷ ಹಿಡೀತು. ಇದಕ್ಕೆ ಮುಕ್ಕಾಲು ಆಯ್ತಲ್ಲ?"

ಅವರು ಚಕ್ರದತ್ತ ಕಿವಿಗೊಡುತ್ತಾರೆ. ಬೆರಳು ಮಡಚಿ ಎಣಿಸಿ ನೋಡುತ್ತಾರೆ. "ಅಯ್ಯೋ, ನಿನ್ನೆ ಸಂಜೆ ಭಾವ ಮೋಟರ್ ಬದಲಾಯಿಸಿದ್ರು. ಮೊದಲು ಮೂವತ್ತಕ್ಕೆ ಅರ್ಧ ನಿಮಿಷ ಚಿಲ್ಲರೆ ಆಗ್ತಿತ್ತು, ಈಗ ಚಕ್ರ ನಿಧಾನ ಆಗಿದೆ. ನನ್ನ ಎಣಿಕೆನೇ ಸುಳ್ಳು!" ಇವರ ಒಡಹುಟ್ಟಿದ ಅಕ್ಕನ ಗಂಡನೇ ಇಲ್ಲಿನ ಮೆಕ್ಯಾನಿಕ್.

ನನ್ನ ಗಡಿಯಾರ ಹಿಡಿದು ಅದೇ ಹೊಂಡದ ಇನ್ನೆರಡು ಸಿಗಡಿಗಳನ್ನು ಚುಚ್ಚುತ್ತಾರೆ. ಒಂದರ ಹನಿ ನಿಲ್ಲಲು ಒಂದು ನಿಮಿಷ ಮೀರುತ್ತದೆ. ಇನ್ನೊಂದರದು ನಿಲ್ಲುವುದೇ ಇಲ್ಲ, ಗಾಜಿನಂಚಿನಿಂದ ತೊಟ್ಟಿಕ್ಕುತ್ತದೆ. ಅತ್ತ ಆಳುಗಳು ತೂಬಿನ ಬಳಿ ನಿಂತಾಗಿದೆ.

"ಮುಟ್ಟಬೇಡ್ರೋ!" ಎನ್ನುತ್ತಾ ಬರಿಗಾಲಲ್ಲಿ ಓಡುತ್ತಾರೆ.

"ಸೊಳ್ಳೆಯಕ್ಕಂಗೆ ಇವತ್ತು ಯಾರ ರಕ್ತ ಬೇಕಂತೆ?" ಆಳೊಬ್ಬ ನಗುತ್ತಾನೆ.

"ನಿಂದೇ, ತೂಬು ತೆಗೆದ್ರೆ!"

ಎರಡು ದಿನದ ಮೇಲೆ ಪ್ರಯೋಗಾಲಯದ ವರದಿ ಬರುತ್ತದೆ: ಸೋಂಕು ನಾಲ್ಕನೆಯದರಲ್ಲಿ ಮಾತ್ರ. ಮೂರು ಹೊಂಡ ಉಳಿದಿವೆ. ನಿಮ್ಮ ಎಣಿಕೆ ತಪ್ಪುವುದೇ ಇಲ್ಲ ಎಂದು ಮಾಲೀಕರು ಎಲ್ಲರೆದುರು ಹೊಗಳುವಾಗ ಇವರು ತಲೆ ತಗ್ಗಿಸಿ, ಮಣಿಕಟ್ಟಿಗೆ ಹೊಸದಾಗಿ ಬಂದಿರುವ ಮಗಳ ಹಳೆ ವಾಚನ್ನು ತಿರುವುತ್ತಾರೆ.

"ಮೋಟರ್ ವಿಷಯ ಭಾವನಿಗೆ ಹೇಳಿದ್ರಾ?" ಆಮೇಲೆ ನಾನು ಕೇಳುತ್ತೇನೆ.

"ಬೇಡ. ಪಾಪ, ಕೊರಗಿ ಊಟ ಬಿಟ್ಟುಬಿಡ್ತಾರೆ."

"ನಾನು ಪೇಪರಿಗೆ ಬರೀತೀನಲ್ಲ?"

ಮೊದಲ ಸಲ ಬಾಯ್ತುಂಬ ನಗುತ್ತಾರೆ. "ಬರೀರಿ. ಭಾವ ಪೇಪರಲ್ಲಿ ಬೇರಿಂಗ್ ಸುತ್ತಿಡ್ತಾರೆ, ಓದಲ್ಲ. ನಾನಂತೂ ಯಾರಿಗೂ ಹೇಳಲ್ಲ."